ಅಪ್ಪಯ್ಯನನ್ನು ವಿಲಾಯಿತಿಗೆ ಕರೆದೊಯ್ದು ವಾಪಸ್ ತಂದದ್ದು

ನಮ್ಮ ಅಪ್ಪಯ್ಯನ ಜೊತೆ ಹೊರಗೆ ಹೊರಟು, ಏನೂ ಆಗದೆ ಮನೆಗೆ ಬಂದದ್ದು ಇದುವರೆಗೆ ಇಲ್ಲ. ಹೊಸನಗರದ ಸಂತೆಗೆ ಬದನೆಕಾಯಿ ತರಲು ಹೋದರೆ, ಬದನೆಕಾಯಿ ಬಿಟ್ಟು, ಯಾರೋ ಇಬ್ಬರು ಅಣ್ಣತಮ್ಮಂದಿರ ಜಗಳ ಬಿಡಿಸಿ ಬರುತ್ತಾರೆ. ಅಂಥವರನ್ನು ಐರ್ಲೆಂಡು, ಇಂಗ್ಲೆಂಡು, ಸ್ಕಾಟ್ಲೆಂಡು ಸುತ್ತಿಸಿ ಇಡಿಯಾಗಿ ವಾಪಸ್ ತಂದಿದ್ದೇವೆ. ಅದನ್ನು ನೆನೆದರೆ ಈಗಲೂ ಒಂದು ದೊಡ್ಡ ಉಸಿರು ತಾನಾಗಿ ಹೊರಗೆ ಬರುತ್ತದೆ.

ಅಪ್ಪಯ್ಯ ಸಾಗರ, ಹೊಸನಗರ, ತೀರ್ಥಹಳ್ಳಿ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಮದುವೆ ಸೀಸನ್ನಿನಲ್ಲಿ ಆಗುಂಬೆ ಘಾಟಿ, ಹುಲಿಕಲ್ ಘಾಟಿ ಎರಡೂ ಇಳಿಸಿ ಹತ್ತಿಸಿದವರು. ಅಮ್ಮ ತೀರಿಕೊಂಡ ಮೇಲೆ ತೀರ್ಥಹಳ್ಳಿಯಲ್ಲಿ ನನ್ನ ಜೊತೆಗೇ ಇದ್ದಾರೆ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತಂಗಿ ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸು. ಹೋದ ವರ್ಷ ಅಪ್ಪಯ್ಯನ ಎದೆಗೆ ಸ್ಟೆಂಟ್ ಹಾಕಿಸಿ ಬಂದ ದಿನವೇ ತಂಗಿ ಫೋನಿನಲ್ಲಿ ಅತ್ತುಬಿಟ್ಟಳು. "ಬೇಸಿಗೆ ರಜದಲ್ಲಿ ಕರ್ಕೊಂಡು ಬಾ ಅಕ್ಕ, ಒಂದ್ಸಲ ನನ್ನ ಮನೆ ನೋಡ್ಲಿ."

ಶಿವಮೊಗ್ಗದ ಡಾಕ್ಟರು ಒಪ್ಪಿದರು. "ಹೋಗಿ ಬನ್ನಿ. ಆದ್ರೆ ಅವರಿಗೆ ಗಾಬರಿ ಆಗೋ ಹಾಗೆ ಎಂತದ್ದೂ ಮಾಡ್ಬೇಡಿ" ಎಂದರು. ನಮಗೆ ಆಗಬಹುದಾದ ಗಾಬರಿಯ ಬಗ್ಗೆ ಅವರು ಏನೂ ಹೇಳಲಿಲ್ಲ.

ಚಕ್ರದ ನಿಂಬೆಹಣ್ಣು

ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಪ್ಪಯ್ಯನ ಜೇಬಿನಿಂದ ಒಂದು ನಿಂಬೆಹಣ್ಣು ಹೊರಬಂತು. ತಪಾಸಣೆಗೆ ನಿಂತಿದ್ದ ಹುಡುಗಿ ಪುಣ್ಯಕ್ಕೆ ಕನ್ನಡದವಳು.

"ಇದೆಂತಕ್ಕೆ ಅಜ್ಜಾ?"

"ಚಕ್ರಕ್ಕೆ."

"ಯಾವ ಚಕ್ರಕ್ಕೆ?"

"ವಿಮಾನದ್ದು. ಮುಂದಿನ ಚಕ್ರಕ್ಕೆ ಒಂದು ಇಟ್ರೆ ಸಾಕು. ಅಷ್ಟು ದೊಡ್ಡ ಗಾಡಿ, ನಿಂಬೆಹಣ್ಣು ಹತ್ತಿಸದೆ ಹೊರಡ್ತಾರಾ?"

ಹುಡುಗಿ ನಗು ತಡೆದುಕೊಂಡು, "ಚಕ್ರದ ಹತ್ರ ಯಾರನ್ನೂ ಬಿಡಲ್ಲ ಅಜ್ಜಾ. ಜೇಬಲ್ಲೇ ಇಟ್ಕೊಳಿ, ಅದೂ ಕಾಪಾಡ್ತದೆ" ಎಂದು ಹಿಂದಕ್ಕೆ ಕೊಟ್ಟಳು. ನಾನೂ ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ವಿಮಾನ ಹಾರಿ ನನಗೆ ಸ್ವಲ್ಪ ಕಣ್ಣು ಹತ್ತಿತ್ತು. ಎಚ್ಚರಾಗಿ ನೋಡಿದರೆ ಅಪ್ಪಯ್ಯ ಕಪ್ಪು ಟೀಯ ಲೋಟ ಹಿಡಿದು ಪೆಚ್ಚಾಗಿ ಕೂತಿದ್ದಾರೆ. ಟೀಯಲ್ಲಿ ನಿಂಬೆಯ ಹೋಳು ತೇಲುತ್ತಿದೆ.

"ಡ್ರೈವರಿಗೆ ಕೊಡು ಅಂತ ಆ ಟೀ ಗಾಡಿ ತಳ್ಳೋ ಹುಡುಗಿ ಕೈಗೆ ಕೊಟ್ಟು ಮುಂದಕ್ಕೆ ತೋರ್ಸಿದೆ ಮಾರಾಯ್ತಿ. ತಲೆ ಆಡ್ಸಿ ತಗಂಡು ಹೋದ್ಲು. ಹೋಗಿ ಹೀಗೆ ಮಾಡ್ಕೊಂಡು ಬಂದ್ಲು."

"ಕುಡೀರಿ ಈಗ, ಎಂತ ಮಾಡೋದು?"

ಅಪ್ಪಯ್ಯ ಒಂದು ಗುಟುಕು ಕುಡಿದು ಸ್ವಲ್ಪ ಯೋಚಿಸಿ ಹೇಳಿದರು: "ಹೋಗ್ಲಿ ಬಿಡು. ನನ್ನ ಹೊಟ್ಟೇಲಿ ಇದ್ರೂ ವಿಮಾನದ ಒಳಗೇ ಇದ್ದ ಲೆಕ್ಕ."

ಕಂಡೀಷನ್

ಡಬ್ಲಿನ್ನಿನಲ್ಲಿ ಇಳಿದ ಮೇಲೆ ನನಗೆ ನಿಜವಾದ ಹೆದರಿಕೆ ಶುರುವಾಯಿತು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಒಂದು ಮಾತಿಗೆ ಅನುಮಾನಪಟ್ಟರೂ ವಾಪಸ್ ಕಳಿಸುತ್ತಾರೆ ಎಂದು ಪಕ್ಕದ ಸೀಟಿನವರು ದಾರಿಯುದ್ದಕ್ಕೂ ಹೇಳಿದ್ದರು. "ನೀವು ಬಾಯಿ ಬಿಡ್ಬೇಡಿ ಅಪ್ಪಯ್ಯ, ನಾನೇ ಮಾತಾಡ್ತೀನಿ" ಎಂದು ಹೇಳಿಯೇ ಸಾಲಿನಲ್ಲಿ ನಿಂತದ್ದು.

ಅಧಿಕಾರಿ ನನ್ನನ್ನು ಬಿಟ್ಟು ಅವರನ್ನೇ ಕೇಳಿದ. "ಏನು ಕೆಲಸ ಮಾಡುತ್ತಿದ್ದಿರಿ?"

"ಡ್ರೈವರ್ ಸಾರ್. ಬಸ್."

"ಇಲ್ಲಿ ಏನಾದರೂ ಓಡಿಸುವ ಯೋಚನೆ ಇದೆಯೇ?"

ನಾನು ಇಲ್ಲ ಇಲ್ಲ ಅನ್ನುವಷ್ಟರಲ್ಲಿ ಅಪ್ಪಯ್ಯ, "ಯೂ ಗಿವ್, ಐ ಡ್ರೈವ್" ಅಂದುಬಿಟ್ಟರು.

ಕೆಲಸ ಹುಡುಕಿಕೊಂಡು ಬಂದವರು ಅಂತ ಈಗಲೇ ಬರೆದುಕೊಳ್ಳುತ್ತಾನೆ, ಮುಂದಿನ ವಿಮಾನಕ್ಕೇ ಹತ್ತಿಸುತ್ತಾನೆ, ಗಾಲ್ವೇಯಲ್ಲಿ ತಂಗಿ ಅಡುಗೆ ಮಾಡಿಟ್ಟುಕೊಂಡು ಕಾಯುತ್ತಿರುತ್ತಾಳೆ. ಹೀಗೆಲ್ಲ ತಲೆಯೊಳಗೆ ಓಡಿತು. "ಸರ್, ಅವರು ರಿಟೈರ್ ಆಗಿದ್ದಾರೆ" ಎಂದು ನಾನು ಹೆಚ್ಚುಕಮ್ಮಿ ಕೂಗಿದೆ.

ಅಪ್ಪಯ್ಯನಿಗೆ ಅವಮಾನವಾಯಿತು. "ನೋ ಸಾರ್. ಬಸ್ ರಿಟೈರ್ಡ್. ಐ ಗುಡ್ ಕಂಡೀಷನ್."

ಅಧಿಕಾರಿ ಠಪ್ಪನೆ ಮುದ್ರೆ ಒತ್ತಿ ನನ್ನ ಕಡೆ ತಿರುಗಿ, "ಇವರನ್ನು ನೀವು ಕರೆದುಕೊಂಡು ಬಂದದ್ದೋ, ಇವರು ನಿಮ್ಮನ್ನೋ?" ಎಂದು ಕೇಳಿದ.

ಬರ್ಲಿ

ತಂಗಿಯ ಮನೆಯಲ್ಲಿ ಸುಧಾರಿಸಿಕೊಂಡು, ಮೂವರೂ ಐರ್ಲೆಂಡಿನ ಪಶ್ಚಿಮ ಕರಾವಳಿ ನೋಡಲು ಟೂರಿಸ್ಟ್ ಬಸ್ಸಿನಲ್ಲಿ ಹೊರಟೆವು. ಅಪ್ಪಯ್ಯ ಹಟ ಮಾಡಿ ಮುಂದಿನ ಸೀಟಿನಲ್ಲೇ ಕೂತರು. ಸಮುದ್ರ, ಕೋಟೆ, ಕುರಿ ಯಾವುದನ್ನೂ ನೋಡಲಿಲ್ಲ. ಅವರ ಕಣ್ಣು ರಸ್ತೆಯ ಮೇಲೆ, ಬಲಗಾಲು ಇಲ್ಲದ ಬ್ರೇಕಿನ ಮೇಲೆ. ಪ್ರತಿ ತಿರುವಿನಲ್ಲೂ ನೆಲ ಒತ್ತಿ ಒತ್ತಿ, ಮಧ್ಯಾಹ್ನದ ಹೊತ್ತಿಗೆ ಕಾಲು ನೋವು ಅನ್ನತೊಡಗಿದರು.

ಒಂದು ಕಡೆ ರಸ್ತೆ ಎಷ್ಟು ಕಿರಿದು ಅಂದರೆ ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ನಮ್ಮ ಬಸ್ಸು. ಎದುರಿಗೆ ಟ್ರೇಲರ್ ತುಂಬ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬಂತು. ಅದು ಹಿಂದೆ ಹೋಗುವ ಹಾಗಿಲ್ಲ. ನಮ್ಮ ಡ್ರೈವರ್, ಕೆಂಪು ಮುಖದ ದೊಡ್ಡ ಆಳು, ರಿವರ್ಸ್ ಗೇರ್ ಹಾಕಿದ್ದೇ ತಡ, ನಾನು ಕೈ ಹಿಡಿಯುವಷ್ಟರಲ್ಲಿ ಅಪ್ಪಯ್ಯ ಬಾಗಿಲು ಬಡಿದು, ತೆಗೆಸಿಕೊಂಡು, ಕೆಳಗಿಳಿದಾಗಿತ್ತು. ಬಸ್ಸಿನ ಹಿಂದೆ ಓಡಿ ಹೋಗಿ, ಮಗ್ಗುಲಿಗೆ ಕೈಯಿಂದ ಗುದ್ದಿ ಶುರು ಮಾಡಿದರು.

"ಬರ್ಲಿ! ಬರ್ಲಿ, ಬರ್ಲಿ, ಬರ್ಲಿ! ಎಡಕ್ಕೆ ಸ್ವಲ್ಪ... ಬರ್ಲಿ! ಹೋಲ್ಡಾನ್!"

ತಂಗಿ ಕಿಟಕಿಯಿಂದ, "ಅಪ್ಪಯ್ಯ, ಓಡ್ಬೇಡಿ, ಎದೆ!" ಎಂದು ಕೂಗಿದಳು. ಅವರು ಅವಳಿಗೂ "ಬರ್ಲಿ" ಅಂದರು. ಬಸ್ಸು ಇಂಚಿಂಚಾಗಿ ಹಿಂದೆ ಸರಿದು, ಸ್ವಲ್ಪ ಅಗಲವಿದ್ದ ಜಾಗದಲ್ಲಿ ನಿಂತಿತು. ಟ್ರ್ಯಾಕ್ಟರ್ ದಾಟಿತು. ಬಸ್ಸಿನವರೆಲ್ಲ ಚಪ್ಪಾಳೆ ಹೊಡೆದರು. ಅಪ್ಪಯ್ಯ "ರೈಟ್ ರೈಟ್" ಎಂದು ಹತ್ತಿ, ಬೆವರು ಒರೆಸಿಕೊಂಡು ಗತ್ತಿನಿಂದ ಕೂತರು. ಉಸಿರಾಟ ಸರಿ ಇದೆ, ನಾಡಿ ಸರಿ ಇದೆ ಎಂದು ತಂಗಿ ನೋಡಿದ ಮೇಲೆ ನನಗೂ ಉಸಿರು ಬಂತು.

ಮುಂದಿನ ನಿಲುಗಡೆಯಲ್ಲಿ ಡ್ರೈವರ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ನಿಮ್ಮ ತಂದೆ ಬಾರ್ಲಿ ಬೆಳೆಯುತ್ತಾರೆಯೇ?"

"ಇಲ್ಲವಲ್ಲ. ಯಾಕೆ?"

"ಬಾರ್ಲಿ, ಬಾರ್ಲಿ ಅಂತ ಅಷ್ಟು ಸಂಕಟದಿಂದ ಕೂಗುತ್ತಿದ್ದರು. ನಾನು ಯಾರದೋ ಬೆಳೆಯ ಮೇಲೆ ಬಸ್ಸು ಹತ್ತಿಸುತ್ತಿದ್ದೇನೆ ಅಂದುಕೊಂಡೆ. ಕ್ಯಾಮೆರಾದಲ್ಲಿ ನೋಡಿದರೆ ಬರೀ ರಸ್ತೆ. ಆದರೂ ಎಲ್ಲಿದೆಯೋ ಏನೋ ಅಂತ ಅಷ್ಟು ನಿಧಾನ ಮಾಡಿದೆ."

ಅಪ್ಪಯ್ಯ ದೂರದಿಂದಲೇ, "ಎಂತ ಅಂತಾನೆ?" ಎಂದರು.

"ರಿವರ್ಸ್ ಚೆನ್ನಾಗಿ ಹೇಳಿದ್ರಿ ಅಂತಾನೆ."

"ಮತ್ತೆ? ಭಾಷೆ ಯಾವ್ದಾದ್ರೂ ಇರ್ಲಿ, ಡ್ರೈವರ್ ಹೇಳಿದ್ದು ಡ್ರೈವರಿಗೆ ಅರ್ಥ ಆಗ್ತದೆ" ಎಂದರು ಅಪ್ಪಯ್ಯ.

ಅದೇ ದಿನ ಸಂಜೆ ಸಮುದ್ರದಂಚಿನ ಬಂಡೆಯ ಮೇಲೆ ನಡೆಯುವ ಕಾರ್ಯಕ್ರಮ ರದ್ದಾಯಿತು. ಗೈಡ್ ಬಹಳ ಬೇಸರದಿಂದ, ಜೋರು ಮಳೆ, ಕ್ಷಮಿಸಬೇಕು ಎಂದಳು. ತಂಗಿ ಅದನ್ನು ಕನ್ನಡದಲ್ಲಿ ಹೇಳಿದಳು. ಆಗುಂಬೆಯ ಮಳೆಯಲ್ಲಿ ಬಸ್ಸು ಓಡಿಸಿದ ಅಪ್ಪಯ್ಯ ಕಿಟಕಿ ಒರೆಸಿ ಆ ಕಡೆ ನೋಡಿದರು, ಈ ಕಡೆ ನೋಡಿದರು. "ಎಲ್ಲಿ?" ಎಂದರು.

ಬೇಡ ಅಂದರೆ ಬೇಡ

ನಮ್ಮ ಕಡೆ ಯಾರ ಮನೆಗೆ ಹೋದರೂ ಟೀ ಕೊಡುತ್ತೇವೆ ಅಂದ ಕೂಡಲೇ ಹೂಂ ಅನ್ನುವ ಪದ್ಧತಿಯಿಲ್ಲ. "ಬೇಡ, ಈಗಷ್ಟೇ ಕುಡ್ದು ಬಂದೆ" ಅನ್ನಬೇಕು. ಅವರು ಒತ್ತಾಯ ಮಾಡಬೇಕು. ಇವರು ಮತ್ತೆ ಬೇಡ ಅನ್ನಬೇಕು. ಅಷ್ಟಾದ ಮೇಲೆ "ಅರ್ಧ ಲೋಟ ಕೊಡಿ" ಅಂತ ಪೂರ್ತಿ ಕುಡಿಯಬೇಕು.

ಐರ್ಲೆಂಡಿನಲ್ಲಿ ಇದು ಸರಾಗವಾಗಿ ನಡೆಯಿತು. ತಂಗಿಯ ಪಕ್ಕದ ಮನೆಯ ಅಜ್ಜಿ ಒತ್ತಾಯದಲ್ಲಿ ಸಾಗರದವರನ್ನೂ ಮೀರಿಸುವವಳು. ಅಪ್ಪಯ್ಯ ನೋ ನೋ ಅಂದಷ್ಟೂ ಕಪ್ಪಿಗೆ ಸುರಿದಳು, ಮೇಲೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೈಗಿಟ್ಟಳು. "ಒಳ್ಳೇ ಮನೆತನ" ಎಂದು ಸರ್ಟಿಫಿಕೇಟು ಸಿಕ್ಕಿತು.

ಅಲ್ಲಿಂದ ಇಂಗ್ಲೆಂಡಿಗೆ ದಾಟಿದೆವು. ಯಾರ್ಕ್ ಊರಿನಲ್ಲಿ ನಾವು ಬಾಡಿಗೆಗೆ ಉಳಿದುಕೊಂಡ ಮನೆಯ ಯಜಮಾನಿ ಬೆಳಗ್ಗೆ ಟೀ ಕೆಟಲು ಹಿಡಿದು ಬಂದು, "ಟೀ?" ಎಂದು ಕೇಳಿದಳು. ಅಪ್ಪಯ್ಯ ಪದ್ಧತಿ ಪ್ರಕಾರ ಕೈಯಾಡಿಸಿ "ನೋ ನೋ" ಎಂದರು. ಆಕೆ "ಸರಿ" ಎಂದು ನಕ್ಕು ಕೆಟಲು ಎತ್ತಿಕೊಂಡು ಹೋದಳು.

ಅಪ್ಪಯ್ಯ ಬಾಗಿಲ ಕಡೆಗೇ ನೋಡುತ್ತ ಕೂತರು. ಬರುತ್ತಾಳೆ, ಮತ್ತೊಮ್ಮೆ ಕೇಳುತ್ತಾಳೆ ಅಂತ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿತು.

"ತೊಳ್ದೇ ಬಿಟ್ಲಾ?" ಎಂದರು. ಅವರ ದನಿ ಕೇಳಿ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಟೀ ತರಿಸುತ್ತೇವೆ ಅಂದರೂ ಕೇಳಲಿಲ್ಲ. ಮರ್ಯಾದೆ ಪ್ರಶ್ನೆ.

ಮಾರನೆಯ ಬೆಳಗ್ಗೆ ಅಪ್ಪಯ್ಯ ಎಲ್ಲರಿಗಿಂತ ಮೊದಲೇ ಮೇಜಿಗೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಯಜಮಾನಿ ಬಾಗಿಲಲ್ಲಿ ಕಾಣಿಸಿಕೊಂಡು "ಗುಡ್ ಮಾರ್ನಿಂಗ್" ಅಂದಳು.

ಅಪ್ಪಯ್ಯ ಜೋರಾಗಿ "ಯೆಸ್!" ಎಂದರು.

ಗಂಡಿನ ಕಡೆ

ಕೊನೆಯ ಊರು ಎಡಿನ್‌ಬರೋ. ಅಲ್ಲಿ ಒಂದು ಶನಿವಾರ ಬೆಳಗ್ಗೆ ನಾವಿಬ್ಬರೂ ಎದ್ದು ನೋಡಿದರೆ ಅಪ್ಪಯ್ಯನ ಹಾಸಿಗೆ ಖಾಲಿ. ಫೋನು ದಿಂಬಿನ ಪಕ್ಕದಲ್ಲೇ ಇದೆ. ಎದೆಯ ಮಾತ್ರೆಗಳೂ ಮೇಜಿನ ಮೇಲೇ ಇವೆ. ಪ್ಯಾಂಟು ಗೂಟದಲ್ಲೇ ನೇತಾಡುತ್ತಿದೆ.

ತಂಗಿ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ನಾನು ಹಿಂದೆ. ಈ ಬೀದಿ, ಆ ಬೀದಿ, ಮೆಟ್ಟಿಲು ಇಳಿದು ಮತ್ತೊಂದು ಬೀದಿ. ಎಲ್ಲಾದರೂ ಎದೆ ಹಿಡಿದುಕೊಂಡು ಕೂತಿದ್ದರೆ? ಭಾಷೆ ಬರದ ಊರಿನಲ್ಲಿ ಯಾರಿಗೆ ಹೇಳುತ್ತಾರೆ? ದಿನಾ ಆಸ್ಪತ್ರೆಯಲ್ಲಿ ಎಂಥೆಂಥದ್ದೋ ನೋಡುವ ನನ್ನ ತಂಗಿ ಎದುರು ಸಿಕ್ಕವರನ್ನೆಲ್ಲ ತಡೆದು ಕೇಳತೊಡಗಿದಳು.

ಚೌಕದಲ್ಲಿ ಒಬ್ಬಳು ಪೊಲೀಸು ಸಿಕ್ಕಳು. ಸಮಾಧಾನ ಹೇಳಿ, ಏನು ಹಾಕಿಕೊಂಡಿದ್ದರು ಎಂದು ಕೇಳಿದಳು. ತಂಗಿ ಉಸಿರು ಹಿಡಿದು ವರ್ಣಿಸಿದಳು. ಕೆಂಪು ಹಸಿರು ಚೌಕಳಿಯ ಲುಂಗಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿರುತ್ತಾರೆ. ಚಳಿಗೆ ಮೊಣಕಾಲಿನ ತನಕ ಉಲ್ಲನ್ ಕಾಲುಚೀಲ. ಕಪ್ಪು ಬೂಟು, ಕಪ್ಪು ಕೋಟು. ಲುಂಗಿ ಅಂದರೆ ತಿಳಿಯಲಿಕ್ಕಿಲ್ಲ ಎಂದು, ಗಂಡಸರು ಉಡುವ ಚೌಕಳಿ ಬಟ್ಟೆ ಎಂದು ಬಿಡಿಸಿ ಹೇಳಿದಳು.

ಪೊಲೀಸಮ್ಮ ಪೆನ್ನು ಜೇಬಿಗಿಟ್ಟಳು. "ಅಮ್ಮಾ, ಇದು ಸ್ಕಾಟ್ಲೆಂಡು. ಇವತ್ತು ಶನಿವಾರ, ಊರ ತುಂಬ ಮದುವೆ. ನಾನು ನಿಂತಲ್ಲಿಂದಲೇ ಅಂಥವರು ಹತ್ತಾರು ಜನ ಕಾಣುತ್ತಿದ್ದಾರೆ."

ತಿರುಗಿ ನೋಡಿದೆವು. ಚರ್ಚಿನ ಮುಂದೆ ಮದುವೆಯ ದಿಬ್ಬಣ. ಗಂಡಸರೆಲ್ಲ ಮೊಣಕಾಲಿನವರೆಗಿನ ಲಂಗದಂಥ ಚೌಕಳಿಯ ಕಿಲ್ಟು, ಕಪ್ಪು ಕೋಟು, ಉದ್ದ ಕಾಲುಚೀಲ. ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಮುಂದಿನ ಸಾಲಿನ ನಡುವೆ, ಮದುಮಗನ ಪಕ್ಕದಲ್ಲೇ, ಕೋಟಿಗೆ ಹೂವು ಸಿಕ್ಕಿಸಿಕೊಂಡು ನಮ್ಮ ಅಪ್ಪಯ್ಯ.

ನಡೆದದ್ದು ಆಮೇಲೆ ತಿಳಿಯಿತು. ಬೆಳಗ್ಗೆ ಬೀದಿ ನೋಡೋಣ ಎಂದು ಹೊರಬಿದ್ದಿದ್ದಾರೆ, ಹಿಂದೆ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿದೆ. ಬೆಲ್ ಒತ್ತಿದರೆ ಯಾರೂ ಬಂದಿಲ್ಲ. ಅಷ್ಟರಲ್ಲಿ ದೂರದಿಂದ ಬ್ಯಾಗ್‌ಪೈಪಿನ ಸದ್ದು. "ವಾಲಗ ಊದ್ತಿದ್ರು. ವಾಲಗ ಇದ್ದಲ್ಲಿ ಮದುವೆ ಇರ್ತದೆ, ಮದುವೆ ಇದ್ದಲ್ಲಿ ಜನ ಇರ್ತಾರೆ, ಕೇಳಿದ್ರೆ ದಾರಿ ಹೇಳ್ತಾರೆ ಅಂತ ಹೋದೆ." ದಾರಿ ಕೇಳುವ ಮೊದಲೇ ಯಾರೋ ಮುದುಕರು ಕೈಕುಲುಕಿ, ತೋಳು ಹಿಡಿದು ಸಾಲಿಗೆ ಎಳೆದಿದ್ದಾರೆ. ಕರೆದಾಗ ಬರುವುದಿಲ್ಲ ಅನ್ನುವುದು ಅಪ್ಪಯ್ಯನ ಜಾಯಮಾನ ಅಲ್ಲ.

ನಾವು ಹತ್ತಿರ ಹೋಗುವ ಹೊತ್ತಿಗೆ ಫೋಟೋ ಮುಗಿದು ಅವರ ಕೈಗೆ ಕೇಕಿನ ತಟ್ಟೆ ಬಂದಿತ್ತು. ಪಕ್ಕದಲ್ಲಿ ದೊಡ್ಡ ಟೋಪಿಯ ಹೆಂಗಸೊಬ್ಬಳು ಲುಂಗಿಯನ್ನೇ ಪರೀಕ್ಷೆ ಮಾಡುತ್ತಿದ್ದಳು. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿಯಂತೆ. "ನಿಮ್ಮ ತಂದೆಯೇ? ಈ ಚೌಕಳಿ ನಾನು ಎಲ್ಲೂ ನೋಡಿಲ್ಲ. ಯಾವ ಮನೆತನ?" ಎಂದು ಕೇಳಿದಳು.

ತಂಗಿ ಕಣ್ಣು ಒರೆಸಿಕೊಳ್ಳುತ್ತಲೇ ಹೇಳಿದಳು. "ತುಂಬಾ ಹಳೇ ಮನೆತನ. ಪಶ್ಚಿಮದ ಬೆಟ್ಟಗಳ ಕಡೆಯವರು."

ಸುಳ್ಳೇನಲ್ಲವಲ್ಲ. ಆ ಹೆಂಗಸು ಗೌರವದಿಂದ ತಲೆಯಾಡಿಸಿ, "ನಾನೂ ಹಾಗೇ ಅಂದುಕೊಂಡೆ" ಎಂದು ಅಪ್ಪಯ್ಯನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿ ಹೋದಳು.

ಆಕೆ ಅತ್ತ ಹೋದದ್ದೇ ತಡ, ನಮ್ಮಿಬ್ಬರ ಕಟ್ಟೆ ಒಡೆಯಿತು. ತಂಗಿ ಅವರ ಕೋಟಿನ ತೋಳು ಹಿಡಿದು ಜಗ್ಗಿ ಅತ್ತಳು. ನಾನು ಬೀದಿ ಅನ್ನುವುದನ್ನೂ ಮರೆತು ಬೈದೆ. "ನಮ್ಮ ಜೀವವೇ ಹೋಗಿತ್ತಲ್ಲ ಅಪ್ಪಯ್ಯ! ಮಾತ್ರೆ ಇಲ್ಲ, ಫೋನಿಲ್ಲ, ಎಲ್ಲಿ ಅಂತ ಹುಡುಕೋದು?"

ಅಪ್ಪಯ್ಯ ಮೀಸೆಗೆ ಅಂಟಿದ ಕೆನೆ ಒರೆಸಿಕೊಂಡು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಮೆಲ್ಲಗೆ ಮಾತಾಡ್ರೇ ಮಾರಾಯ್ತಿ! ಹೆಣ್ಣಿನ ಕಡೆಯವ್ರು ನೋಡ್ತಿದಾರೆ. ನಾವು ಗಂಡಿನ ಕಡೆಯವ್ರು."