ಧಾರವಾಡದಿಂದ ತಡವಾಗಿ ಬಂದ ಲೈವ್

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದಕ್ಕೂ ಧೈರ್ಯ ಬೇಕು. ನನಗೆ ಅದು ಸ್ವಲ್ಪ ಕಡಿಮೆ. ದಾಂಡೇಲಿಯ ನಮ್ಮ ಓಣಿಯಲ್ಲಿ ಬ್ರಾಡ್‌ಬ್ಯಾಂಡ್ ಮೊದಲು ಬಂದದ್ದು ನಮ್ಮ ಮನೆಗೆ. ತಂತಿ ಕಿಟಕಿ ದಾಟಿ ಒಳಗೆ ಬಂದ ದಿನದಿಂದ ಓಣಿಯವರು ನನ್ನನ್ನು ಕಂಪ್ಯೂಟರ್ ಬಲ್ಲವನೆಂದು ನಂಬಿದರು; ಅವರ ಮಾತನ್ನು ನಾನೂ ನಂಬಿದೆ. ಪಕ್ಕದ ಮನೆಯ ಖಾಜಾಸಾಬರು ಮಿಲ್ಲಿನಲ್ಲಿ ಫಿಟ್ಟರ್. ಅವರು ಸ್ಟ್ರೀಮಿಂಗ್ ಎಂದರೇನು ಎಂದು ಕೇಳಿದಾಗ, ನೀರನ್ನು ಕೊಡದಲ್ಲಿ ತುಂಬಿ ಮನೆಗೆ ತಂದಿಟ್ಟುಕೊಂಡರೆ ಡೌನ್‌ಲೋಡ್, ನಳಕ್ಕೆ ಬೊಗಸೆಯೊಡ್ಡಿ ಕುಡಿದರೆ ಸ್ಟ್ರೀಮಿಂಗ್ ಎಂದೆ. ಹಾಗಾದರೆ ಬಫರಿಂಗ್? ನಳದಲ್ಲಿ ನೀರಿನ ಬದಲು ಬುಸ್ಸೆಂದು ಗಾಳಿ ಬರುವುದು. ಅವರು ತಲೆದೂಗಿದ ರೀತಿ ನೋಡಿ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಆ ಗೌರವಕ್ಕೆ ಪರೀಕ್ಷೆ ಬಂದದ್ದು ಮಗಳು ವಿದ್ಯಾಳ ಖೋ ಖೋ ಫೈನಲ್ ದಿನ. ಹಿಂದಿನ ವರ್ಷ ಮೊಣಕಾಲು ಉಳುಕಿ ಅವಳ ಆಟವೇ ಮುಗಿಯಿತು ಅನ್ನಿಸಿತ್ತು. ನಮ್ಮವ್ವ ಬೇಸಿಗೆಯಿಡೀ ಎಣ್ಣೆ ತಿಕ್ಕಿ ತಿಕ್ಕಿ ಆ ಕಾಲನ್ನು ಎಬ್ಬಿಸಿದ್ದಳು. ಫೈನಲ್ ಇದ್ದದ್ದು ಧಾರವಾಡದಲ್ಲಿ. ಅವ್ವನಿಗೆ ಬಸ್ಸು ಹತ್ತಿದರೆ ಹಳಿಯಾಳ ಮುಟ್ಟುವುದರೊಳಗೆ ವಾಂತಿ. ಹೆಂಡತಿ ಮಗಳ ಜೊತೆ ಹೋದಳು, ಅವ್ವನ ಜೊತೆ ನಾನು ಉಳಿದೆ. ಪಂದ್ಯ ನಡೆಸುವ ಕಾಲೇಜಿನವರು ಇಂಟರ್ನೆಟ್ಟಿನಲ್ಲಿ ಲೈವ್ ತೋರಿಸುತ್ತಾರಂತೆ ಎಂದು ತಿಳಿದಾಗ, ಅಲ್ಲಿ ನಡೆದದ್ದು ಆ ಕ್ಷಣವೇ ಇಲ್ಲಿ ಕಾಣುತ್ತದೆ ಎಂದು ಅವ್ವನಿಗೆ ಭರವಸೆ ಕೊಟ್ಟೆ.

ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿ ಕೂತಿತ್ತು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಕೊನೆಗೆ ಚಿತ್ರ ಬಂತು; ಹುಡುಗಿಯರ ಮುಖವೆಲ್ಲ ಚೌಕ ಚೌಕ. ರೆಸಲ್ಯೂಷನ್ ಕಡಿಮೆ ಎಂದೆ. ಅವ್ವ ಎದ್ದು ಸೆರಗಿನಿಂದ ಪರದೆ ಒರೆಸಿದಳು. ಕಡೆಗೆ ಅವಳೇ, ಸಾಲಿನಲ್ಲಿ ಕೂತ ಭಂಗಿಯಿಂದ, ಮೊಮ್ಮಗಳನ್ನು ಗುರುತು ಹಿಡಿದಳು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ವಿದ್ಯಾ ಕೊನೆಯ ಹುಡುಗಿಯನ್ನು ಮುಟ್ಟಿ ಔಟ್ ಮಾಡಿದಳಂತೆ, ಗೆದ್ದರಂತೆ. ನಾನು ಕುಣಿಯುತ್ತ ಎಲ್ಲರಿಗೂ ಹೇಳಿದೆ. ಪರದೆಯಲ್ಲಿ ವಿದ್ಯಾ ಇನ್ನೂ ಸಾಲಿನಲ್ಲೇ ಕೂತಿದ್ದಳು.

ಲೈವ್ ಸ್ವಲ್ಪ ತಡವಾಗಿ ಬರುತ್ತದೆ ಎಂದು ವಿವರಿಸಹೋದೆ. ಅವ್ವ ನನ್ನತ್ತ ತಿರುಗಲೂ ಇಲ್ಲ.

"ತಡಾ ಆಗಿ ಬಂದದ್ದು ಲೈವ್ ಹೆಂಗಾಗ್ತೈತಿ? ಹುಡುಗಿ ಇನ್ನೂ ಎದ್ದಿಲ್ಲ. ಸುಮ್ನ ಕುಂದ್ರು."

ಗೆದ್ದದ್ದು ಗೊತ್ತಿದ್ದೂ ನಾನು ಕೂತೆ. ವಿಚಿತ್ರವೆಂದರೆ ನಾನೂ ಪರದೆಯ ಹತ್ತಿರ ಹತ್ತಿರ ಸರಿಯತೊಡಗಿದೆ. ವಿದ್ಯಾಳಿಗೆ ಖೋ ಸಿಕ್ಕಿತು, ಎದ್ದಳು, ಓಡಿದಳು. ಚಿತ್ರ ನಿಂತಿತು. ಮತ್ತೆ ಚಕ್ರ. ಚಿತ್ರ ಮತ್ತೆ ಬಂದಾಗ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅವ್ವ ಅತ್ತಳು. ಖಾಜಾಸಾಬರು ಪೇಢೆ ತರಲು ಓಡಿದರು. ಮುಟ್ಟಿದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಮರುದಿನ ವಿದ್ಯಾ ಮನೆಗೆ ಬಂದಾಗ ನಾನು ಓಣಿಯವರ ಮುಂದೆ, ಮುಂದಕ್ಕೆ ಬಗ್ಗಿ ಬಲಗೈ ಚಾಚಿ, ಅವಳು ಹೇಗೆ ಮುಟ್ಟಿದಳೆಂದು ತೋರಿಸುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಅಪ್ಪಾ, ನಾ ಮುಟ್ಟಿದ್ದು ಎಡಗೈಲೆ."

"ಇರಬಹುದು," ಎಂದೆ. "ಲೈವ್‌ನಾಗ ಬಲಗೈನ ಕಂಡಿತ್ತು."