ಯಂತ್ರನಾರಿಗೆ ಕೈಮುಗಿಯೆನೆಂದ ಡ್ರಿಲ್ ಮಾಸ್ತರರ ಮೀಸೆಪ್ರತಿಜ್ಞೆ

ಎಲೈ ಕಲಿಯುಗವೇ! ಜಡವು ನಡೆದಾಡಲು ಕಲಿತು, ನಡೆದಾಡುವವರು ಜಡವನ್ನು ನೋಡಿ ನಡೆ ತಿದ್ದಿಕೊಳ್ಳುವ ವಿಚಿತ್ರಕಾಲವೇ, ಕಿವಿಗೊಡು! ನವನೀತದೋಸಾಪರಿಮಳಪರಿವೃತವಾದ ದಾವಣಗೆರೆಯಲ್ಲಿ, ಮೂವತ್ತಾರು ವರ್ಷ ಒಂದೇ ಸೀಟಿಯಿಂದ ಸಾವಿರಾರು ಮಕ್ಕಳನ್ನು ಎಡಬಲಕ್ಕೆ ತಿರುಗಿಸಿದ, ವಜ್ರಕಠಿನಗ್ರೀವ, ಅನಮ್ರಮೇರುದಂಡ, ಘನಶ್ಮಶ್ರುಮಂಡಿತ ನಿವೃತ್ತ ಡ್ರಿಲ್ ಮಾಸ್ತರ್ ರೇವಣಸಿದ್ದಪ್ಪನವರ ಮಹಾಸಮರವನ್ನು ಕೇಳು!

ಸಮರಕ್ಕೆ ಕಾರಣ, ಸೀರೆ ಅಂಗಡಿಯ ಬಾಗಿಲಿಗೆ ಹೊಸದಾಗಿ ಬಂದ ರೋಬೋಟ್. ಜರಿಸೀರೆಯುಟ್ಟ ಆ ಯಂತ್ರನಾರಿ ಬಂದವರಿಗೆಲ್ಲ ಕೈಜೋಡಿಸಿ, ತಲೆಯನ್ನು ತುಸು ಬಲಕ್ಕೆ ವಾಲಿಸಿ, “ಸುಸ್ವಾಗತ” ಎನ್ನುತ್ತಿದ್ದಳು. ಊರಿಗೆ ಊರೇ ತಿರುಗಿ ಕೈಮುಗಿಯುತ್ತಿತ್ತು, ತಲೆಯನ್ನೂ ಬಲಕ್ಕೇ ವಾಲಿಸುತ್ತಿತ್ತು. ಕೈಮುಗಿದವರೆದುರು ಸುಮ್ಮನೆ ನಿಂತು ರೂಢಿಯಿಲ್ಲದ ಜನ, ಪಾಪ, ಇನ್ನೇನು ಮಾಡಿಯಾರು!

ಇದನ್ನು ಕಂಡು ಮಾಸ್ತರರಿಗೆ ಮೈಯೆಲ್ಲ ಉರಿಯಿತು. ಸೀರೆ ಕೊಳ್ಳಲು ಜೊತೆಗೆ ಬಂದಿದ್ದ ಪತ್ನಿ ಶಿವಗಂಗಮ್ಮನವರತ್ತ ತಿರುಗಿ ಗರ್ಜಿಸಿದರು: “ಲೇ, ಕೇಳಿಲ್ಲಿ! ಈ ಕುತ್ತಿಗೆ ದೇವ್ರಿಗೆ ಬಾಗೈತಿ, ಬಾವುಟಕ್ಕೆ ಸೆಟೆದೈತಿ. ತಗಡಿನ ಗೊಂಬೆಗೆ ಬಾಗೋದಿಲ್ಲ! ನೀನು ಸೀರೆ ತಗೊಂಡು ಬರೋತನಕ ಇದ್ರ ಎದುರಿಗೇ ನಿಂತಿರ್ತೀನಿ. ಕೈ ಮುಗಿದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಊರೆಲ್ಲ ತಿರುಗ್ತೀನಿ!”

“ನಿಂತ್ಕೊಳ್ರಿ, ಅದಕ್ಕೇನಂತೆ,” ಎಂದು ಆಕೆ ಒಳಗೆ ಹೋದರು. ಸೀರೆ ಆರಿಸಲು ಹೆಂಗಸರಿಗೆ ಎಷ್ಟು ಹೊತ್ತು ಬೇಕೆಂಬುದನ್ನು ಬಲ್ಲವರಿಗೆ ಈ ಪ್ರತಿಜ್ಞೆಯ ಭೀಕರತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ನಮಸ್ಕಾರಾಸ್ತ್ರ ಬಂತು. ಮಾಸ್ತರರು ಕದಲಲಿಲ್ಲ. ಹತ್ತನೆಯದಕ್ಕೆ ಬೆರಳುಗಳು ತುರಿಸಿದವು. ಇಪ್ಪತ್ತನೆಯದಕ್ಕೆ ಅವರು ಕೈಗಳನ್ನು ಬೆನ್ನಹಿಂದೆ ಒಯ್ದು, ಎಡಗೈಯಿಂದ ಬಲಗೈಯನ್ನು ಕಳ್ಳನನ್ನು ಹಿಡಿದಂತೆ ಹಿಡಿದರು. ನಲವತ್ತನೆಯದಕ್ಕೆ, ಅಯ್ಯೋ, ಆ ದ್ರೋಹಿ ಕುತ್ತಿಗೆ ಬಲಕ್ಕೆ ವಾಲತೊಡಗಿತು! “ಸಾವಧಾನ್!” ಎಂದು ತಮಗೆ ತಾವೇ ಕೂಗಿಕೊಂಡರು. ಸೇಲ್ಸ್ ಹುಡುಗಿಯರು ಸೀರೆ ಮಡಿಸುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತರು. ಮಾಸ್ತರರಿಗೆ ನಿಜಕ್ಕೂ ಭಯವಾಯಿತು. ಮದುವೆಗಿಂತ ಹಳೆಯ ಮೀಸೆ ಅದು.

ಒಂದೂವರೆ ತಾಸಿನ ಮೇಲೆ ಶಿವಗಂಗಮ್ಮ ಎರಡು ಚೀಲ ಹಿಡಿದು ಹೊರಬಂದರು. ಯಂತ್ರನಾರಿ ಕೈಜೋಡಿಸಿದಳು. ಆಕೆ ಚೀಲಗಳನ್ನು ಕೆಳಗಿಟ್ಟು, ಕೈಮುಗಿದು, “ಬರ್ತೀನವ್ವಾ,” ಎಂದರು.

“ಗೆದ್ದೆ!” ಮಾಸ್ತರರ ಸಿಂಹನಾದಕ್ಕೆ ಬೀದಿ ನಡುಗಿತು. “ಒಂದೂವರೆ ತಾಸು ಅಲುಗಾಡ್ಲಿಲ್ಲ ನಾನು! ನೀನು ನೋಡಿದ್ರೆ ಬಂದವ್ಳೇ ಕೈ ಮುಗಿದ್ಯಲ್ಲೇ, ತಗಡಿಗೆ!”

“ನಾನೇನು ಮೀಸೆ ಪಣಕ್ಕಿಟ್ಟಿದ್ನೇನ್ರಿ? ನಿಮ್ ಕೈ ನೋಡ್ಕೊಳ್ರಿ.”

ಮಾಸ್ತರರು ನೋಡಿಕೊಂಡರು. ಗೆದ್ದ ಸಂಭ್ರಮದಲ್ಲಿ ಬಿಡುಗಡೆಯಾದ ಎರಡೂ ಕೈಗಳು ಯಂತ್ರನಾರಿಯ ಕಡೆಗೆ ಅಚ್ಚುಕಟ್ಟಾಗಿ ಕೂಡಿಕೊಂಡಿದ್ದವು. ತಲೆ ಆಗಲೇ ಬಲಕ್ಕೆ ವಾಲಿದ್ದರಿಂದ ಅವು ಸ್ವಲ್ಪ ಓರೆಯಾಗಿ ಕಂಡವು.

ಹುಡುಗಿಯರ ಕಣ್ಣೆಲ್ಲ ಮೀಸೆಯತ್ತ ಹೊರಳಿದವು. ಮೀಸೆ ನಡುಗಿತು.

“ಮೀಸೆ ಇರ್ಲಿ ಬಿಡ್ರಿ, ಅದಿಲ್ದಿದ್ರೆ ನಿಮ್ ಮುಖ ನೋಡೋಕಾಗಲ್ಲ,” ಎಂದ ಶಿವಗಂಗಮ್ಮ ಅವರ ಒಂದೊಂದು ಕೈಗೆ ಒಂದೊಂದು ಚೀಲ ತೂಗುಹಾಕಿದರು. “ಇವನ್ನ ಗಟ್ಟಿಯಾಗಿ ಹಿಡ್ಕೊಳ್ರಿ. ಕೈ ಖಾಲಿ ಬಿಟ್ರೆ ಮತ್ತೆ ಮುಗಿತೀರಿ.”

ಮಹಾಸಮರ ಸಮಾಪ್ತವಾಯಿತು. ಮಾಸ್ತರರು ಚೀಲ ಹಿಡಿದು ಆಟೋ ಹುಡುಕಲು ಹೊರಟರು.