ಒಂದು ತೊಟ್ಟೂ ಚೆಲ್ಲದ ಸವಾರಿ

ಅತ್ತೆ ಎಥೇರಿ ತನ್ನ ಕಾರು ಹತ್ತುವುದಿಲ್ಲ ಎನ್ನುವುದು ಜುಂಬೆರನಿಗೆ ಅಂಥ ದುಃಖದ ಸಂಗತಿಯೇನೂ ಆಗಿರಲಿಲ್ಲ (ಯಾವ ಅಳಿಯನಿಗೆ ತಾನೇ ಆದೀತು?). ಆದರೆ ಅದಕ್ಕೆ ಆಕೆ ಕೊಡುತ್ತಿದ್ದ ಕಾರಣ ಅವನ ಹೊಟ್ಟೆ ಉರಿಸುತ್ತಿತ್ತು. "ಒಂದು ಹಸು ಅಡ್ಡ ಬಂದ್ರೆ ಕೈಕಾಲು ಬಿಡೋನು, ಔತಣದಲ್ಲಿ ಅಷ್ಟು ಜನರನ್ನ ಹೆಂಗೆ ಸಂಭಾಳಿಸ್ತಾನೆ?" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ದ್ರಾಕ್ಷಿ ಬೆಳೆಯುವ ಕಖೇತಿ ಕಣಿವೆಯಲ್ಲಿ ಗಂಡಾಗಿ ಹುಟ್ಟಿದವನಿಗೆ ಔತಣದ ತಮಾದ ಆಗುವುದಕ್ಕಿಂತ ದೊಡ್ಡ ಪದವಿಯಿಲ್ಲ. ತಮಾದ ಎದ್ದು ನಿಂತು ಹಾರೈಕೆ ನುಡಿದ ಮೇಲೆಯೇ ಉಳಿದವರು ದ್ರಾಕ್ಷಾರಸ ಮುಟ್ಟಬೇಕು. ಭಾವಮೈದನ ಮಗುವಿನ ನಾಮಕರಣಕ್ಕೆ ತಮಾದ ಯಾರೆಂದು ತೀರ್ಮಾನಿಸುವವಳು ಅತ್ತೆ. ಎದುರಾಳಿ, ವಜಾ ಎಂಬ ಹೆಸರಿನ ಷಡ್ಡಕ. ಈಸ್ಟರ್ ದಿನ ಕಾರನ್ನು ಚರಂಡಿಯಲ್ಲಿ ಮಲಗಿಸಿ ಬಂದ ಪುಣ್ಯಾತ್ಮ.

ಜುಂಬೆರ್ ಸುಮ್ಮನೆ ಕೂರಲಿಲ್ಲ. ಬಚ್ಚಲುಮನೆಯಲ್ಲಿ ಹಾರೈಕೆಗಳನ್ನು ಉರುಹೊಡೆದ. ತೆಲಾವಿ ಪಟ್ಟಣಕ್ಕೆ ಹೋಗಿ, ರಸ್ತೆಗೆ ದಿಢೀರನೆ ಏನೇ ನುಗ್ಗಿದರೂ ಎದೆಗೆಡದೆ ಪಾರಾಗುವ ಮಹಾವಿದ್ಯೆಯ ತರಗತಿಗೂ ಸೇರಿದ. ಆಮೇಲೆ ಹೆಂಡತಿ ಲಮಾರಾಳ ಕೈಕಾಲು ಹಿಡಿದು, ಔತಣದ ದಿನ ಅತ್ತೆಯನ್ನು ತನ್ನ ಕಾರಿಗೆ ಹತ್ತಿಸಿಯೇಬಿಟ್ಟ.

ಅತ್ತೆ ಹೊಸ ಮಖಮಲ್ಲಿನ ಉಡುಪು ತೊಟ್ಟು, ಅಕ್ರೋಟಿನ ಗೊಜ್ಜಿನಲ್ಲಿ ಟರ್ಕಿ ಕೋಳಿ ಮುಳುಗಿಸಿದ ದೊಡ್ಡ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಇದರಲ್ಲಿ ಒಂದು ತೊಟ್ಟು ಚೆಲ್ಲಿದ್ರೂ ನೀನು ತಮಾದ ಅಲ್ಲ, ತಟ್ಟೆ ತೊಳೆಯೋನು," ಎಂದಳು.

ಸೇತುವೆಯ ಹತ್ತಿರ ಹಸುವೊಂದು ಪೊದೆಯಿಂದ ರಸ್ತೆಗೆ ಇಳಿಯಿತು. ಲಮಾರಾ ಕಣ್ಣು ಮುಚ್ಚಿದಳು. ಮೊದಲೇ ವೇಗ ತಗ್ಗಿಸಿದ್ದ ಜುಂಬೆರ್ ಕನ್ನಡಿ ನೋಡಿ, ಮೆಲ್ಲಗೆ ಬ್ರೇಕ್ ಅದುಮಿ, ಅದರ ಬಾಲದ ಹಿಂದಿನಿಂದ ನುಣ್ಣಗೆ ದಾಟಿದ.

"ಹಸು ಮುಂದಕ್ಕೇ ಹೋಗುತ್ತೆ ಅತ್ತೆ. ಅದು ಬಿಟ್ಟುಬಂದ ಜಾಗದಲ್ಲಿ ನಾವು ಹೋಗ್ಬೇಕು," ಎಂದ, ಪ್ರವಚನದ ಧಾಟಿಯಲ್ಲಿ.

"ಬಾಯಿ ಮುಚ್ಕೊಂಡು ರಸ್ತೆ ನೋಡು," ಎಂದಳು ಅತ್ತೆ. ಆದರೆ ದನಿ ಸ್ವಲ್ಪ ಮೆತ್ತಗಾಗಿತ್ತು.

ತಿರುವಿನಲ್ಲಿ ಮುಂದಿದ್ದ ಲಾರಿಯ ಹಿಂಬಾಗಿಲು ಕಳಚಿ, ಕಲ್ಲಂಗಡಿಗಳು ಧಡಧಡನೆ ಉರುಳತೊಡಗಿದವು. ಜುಂಬೆರ್ ಸಾಕಷ್ಟು ಅಂತರ ಬಿಟ್ಟಿದ್ದನಲ್ಲ! ಕೂಗಲಿಲ್ಲ, ಹಾರನ್ ಬಾರಿಸಲಿಲ್ಲ. ಕಾರನ್ನು ನೆಟ್ಟಗೇ ನಿಲ್ಲಿಸಿದ. ಕಲ್ಲಂಗಡಿಯೊಂದು ಚಕ್ರದ ಮುಂದೆ ಬಂದು ತಾನೇ ನಿಂತಿತು. ಅತ್ತೆ ಪಾತ್ರೆಯ ಮುಚ್ಚಳ ತೆಗೆದು ಇಣುಕಿದಳು. ಗೊಜ್ಜು ಅಲುಗಿರಲೇ ಇಲ್ಲ. ಆಕೆ ಮುಚ್ಚಳ ಹಾಕಿ, ಜುಂಬೆರನತ್ತ ತಿರುಗಿ ಮೊದಲ ಬಾರಿಗೆ ತಲೆದೂಗಿದಳು. ಖುಷಿಗೆ ಅವನ ಕಣ್ಣು ತುಂಬಿತು.

ದ್ರಾಕ್ಷಿ ಚಪ್ಪರದ ಕೆಳಗೆ ನೆಂಟರೆಲ್ಲ ಸೇರಿದಾಗ ಅತ್ತೆ ಎದ್ದು ನಿಂತಳು. ಜುಂಬೆರ್ ಕೋಟಿನ ಗುಂಡಿ ಹಾಕಿಕೊಂಡ.

"ನನ್ನ ಅಳಿಯನ ಬಗ್ಗೆ ಏನೇನೋ ಅಂದಿದ್ದೆ, ತಪ್ಪಾಯ್ತು," ಎಂದಳು ಅತ್ತೆ. "ಇಂಥ ಡ್ರೈವರ್ ಇಡೀ ಕಣಿವೇಲಿ ಇಲ್ಲ. ದೇವರು ಕೊಟ್ಟ ಕೈ. ಆ ಕೈಗೆ ದ್ರಾಕ್ಷಾರಸ ಕೊಟ್ಟು ಹಾಳುಮಾಡಿದ್ರೆ ಪಾಪ ಸುತ್ತಿಕೊಳ್ಳುತ್ತೆ. ಲಮಾರಾ, ಅವನ ಲೋಟ ತೆಗಿ."

"ಅತ್ತೆ, ನಾನು ಹಾರೈಕೆ..."

"ಅದನ್ನ ವಜಾ ಹೇಳ್ತಾನೆ. ಅವನು ಕುಡೀದಿದ್ರೂ ಚರಂಡಿಗೇ ಹೋಗೋದು, ಕುಡೀಲಿ ಬಿಡು. ನಮ್ಮನ್ನೆಲ್ಲ ಮನೆ ಮುಟ್ಟಿಸೋದು ನೀನು. ಇವತ್ತೊಂದೇ ದಿನ ಅಲ್ಲ ಕಣಪ್ಪ, ಇನ್ಮೇಲೆ ಎಲ್ಲಾ ಔತಣಕ್ಕೂ."

ನೆಂಟರು ಹೋ ಎಂದು ಚಪ್ಪಾಳೆ ತಟ್ಟಿದರು. ಲಮಾರಾ ಹೆಮ್ಮೆಯಿಂದ ಗಂಡನ ಬೆನ್ನು ಸವರಿ, ಮುಂದೆ ಪೇರಳೆ ಶರಬತ್ತಿನ ಬಾಟಲಿ ಇಟ್ಟಳು. ತಮಾದನಾದ ವಜಾ, ದ್ರಾಕ್ಷಾರಸ ಕುಡಿಯುವ ಕೊಂಬನ್ನು ತುಂಬಿಸಿ ಎತ್ತಿ ಹಿಡಿದು ಮೊದಲ ಹಾರೈಕೆ ನುಡಿದ:

"ನಮ್ಮ ಜುಂಬೆರ್ ನೂರು ವರ್ಷ ಬಾಳಲಿ, ಬಾಯಿ ಒಣಗಿಸಿಕೊಂಡು!"